ಮಸೆದಷ್ಟೂ ಸವೆಯುವ ಅಲಗು

ಮಡಚುವ ಕ್ಷೌರಕತ್ತಿ ರಚನೆಯಲ್ಲಿ ಬಹಳ ಸರಳವಾದ ಉಪಕರಣ. ಒಂದು ಉಕ್ಕಿನ ಅಲಗು, ಬಳಸದಿರುವಾಗ ಆ ಅಲಗನ್ನು ತನ್ನೊಳಗೆ ಅಡಗಿಸಿಕೊಳ್ಳುವ ಎರಡು ಪಟ್ಟಿಗಳ ಹಿಡಿ, ಇವೆರಡನ್ನೂ ಕೂಡಿಸುವ ಎರಡೋ ಮೂರೋ ಹಿತ್ತಾಳೆಯ ಮೊಳೆಗಳು, ಇಷ್ಟರಲ್ಲಿ ಅದರ ಮೈ ಮುಗಿಯುತ್ತದೆ. ಅಲಗಿನ ದಪ್ಪನೆಯ ಮೇಲಂಚನ್ನು ಬೆನ್ನು ಎಂದೂ, ಕೂದಲು ಕತ್ತರಿಸುವ ಅಂಚನ್ನು ಬಾಯಿ ಎಂದೂ, ಹಿಡಿಯ ಮೊಳೆಗೆ ಸೇರುವ ಹರಿತವಿಲ್ಲದ ಭಾಗವನ್ನು ಕತ್ತು ಎಂದೂ, ಅದರಾಚೆ ಮೇಲಕ್ಕೆ ಬಾಗಿ ಕಿರುಬೆರಳಿಗೆ ಆಸರೆಯಾಗುವ ತುದಿಯನ್ನು ಬಾಲ ಎಂದೂ ಇಲ್ಲಿ ಕರೆಯಲಾಗಿದೆ. ಬೆನ್ನಿನಿಂದ ಬಾಯಿಯವರೆಗಿನ ಅಗಲವನ್ನು ಇಂಚಿನ ಎಂಟನೆಯ ಭಾಗಗಳಲ್ಲಿ, ಅಂದರೆ 5/8, 6/8 ಎಂದು ಎಣಿಸುವುದು ಈ ವ್ಯಾಪಾರದ ಹಳೆಯ ರೂಢಿ. ಮಸೆಗಲ್ಲಿನ ಮೇಲೆ ಕತ್ತಿಯನ್ನು ಮಲಗಿಸಿದಾಗ ಬೆನ್ನೂ ಬಾಯಿಯೂ ಒಟ್ಟಿಗೇ ಕಲ್ಲನ್ನು ಮುಟ್ಟುತ್ತವೆ. ಆದ್ದರಿಂದ ಅಡುಗೆಮನೆಯ ಚಾಕುವಿನಂತೆ ಇಲ್ಲಿ ಮಸೆಯುವ ಕೋನವನ್ನು ಕೈ ಊಹಿಸಬೇಕಾಗಿಲ್ಲ, ಬೆನ್ನಿನ ದಪ್ಪಕ್ಕೂ ಅಲಗಿನ ಅಗಲಕ್ಕೂ ಇರುವ ಪ್ರಮಾಣವೇ ಅದನ್ನು ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸಿನಲ್ಲಿ ನಿಗದಿಗೊಳಿಸಿರುತ್ತದೆ. ಇದರಿಂದಾಗಿ ಪ್ರತಿ ಮಸೆತದಲ್ಲೂ ಬಾಯಿಯ ಜೊತೆಗೆ ಬೆನ್ನೂ ಕಣ್ಣಿಗೆ ಕಾಣದಷ್ಟು ಸವೆಯುತ್ತದೆ, ಮತ್ತು ಸವೆದ ಲೋಹ ಮರಳಿ ಬರುವುದಿಲ್ಲ. ಹಳೆಯ ಕ್ಷೌರಕತ್ತಿಗಳನ್ನು ಕೂಡಿಟ್ಟು ಸುಸ್ಥಿತಿಗೆ ತರುವ ಕೆಲಸದಲ್ಲಿ ಈ ಲೇಖಕ ಎರಡೂವರೆ ದಶಕಗಳಲ್ಲಿ ಕಲಿತದ್ದೆಲ್ಲ ಈ ಒಂದೇ ಸಂಗತಿಯ ಸುತ್ತ ನಿಂತಿದೆ. ಅದನ್ನು ತಡವಾಗಿ, ಕೆಲವು ಒಳ್ಳೆಯ ಕತ್ತಿಗಳನ್ನು ಕೈಯಾರೆ ಕೆಡಿಸಿದ ಮೇಲೆ ಕಲಿತದ್ದರಿಂದ, ಆ ಕಲಿಕೆಯ ನೆನಪುಗಳನ್ನು ದಾಖಲಿಸುವುದು ಅಗತ್ಯವೆನಿಸಿದೆ.

ಸಂಗ್ರಹ ಆರಂಭವಾದದ್ದು ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ, 1998ರಿಂದ ಏಳು ವರ್ಷ ಲೇಖಕ ಉದ್ಯೋಗದ ನಿಮಿತ್ತ ಅಲ್ಲಿ ನೆಲೆಸಿದ್ದಾಗ. ಶೀಫ್ ಮತ್ತು ಡಾನ್ ಎಂಬ ಎರಡು ನದಿಗಳು ಕೂಡುವೆಡೆಯಲ್ಲಿ ಬೆಳೆದ ಈ ಊರಿಗೆ ಸಾಣೆಯ ಚಕ್ರಗಳನ್ನು ತಿರುಗಿಸಲು ಬೇಕಾದ ಹೊಳೆಯ ನೀರೂ, ಚಕ್ರ ಕಡೆಯಲು ಬೇಕಾದ ಮರಳುಗಲ್ಲೂ ಹತ್ತಿರದಲ್ಲೇ ದೊರೆಯುತ್ತಿದ್ದವು. ಅಲ್ಲಿನ ಕತ್ತಿ ಕೆಲಸದವರ ಸಂಘ 1624ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಸ್ಥಾಪನೆಯಾಯಿತು. ಪ್ರತಿಯೊಬ್ಬ ಕಸಬುದಾರ ತನ್ನ ಮಾಲಿನ ಮೇಲೆ ಒತ್ತುವ ಮುದ್ರೆಯನ್ನು ಮಂಜೂರು ಮಾಡಿ ದಾಖಲಿಸಿಕೊಳ್ಳುವುದು ಆ ಸಂಘದ ಮುಖ್ಯ ಕೆಲಸಗಳಲ್ಲಿ ಒಂದಾಗಿತ್ತು. ಭಾನುವಾರಗಳಂದು ಊರಾಚೆಯ ಮೈದಾನಗಳಲ್ಲಿ ಜನ ತಮ್ಮ ಕಾರಿನ ಡಿಕ್ಕಿಗಳನ್ನು ತೆರೆದಿಟ್ಟು ಮನೆಯ ಹಳೆಯ ಸಾಮಾನು ಮಾರುವ ಸಂತೆಗೆ ಅಲ್ಲಿ ಕಾರ್ ಬೂಟ್ ಸೇಲ್ ಎನ್ನುತ್ತಾರೆ. ಅಂಥ ಒಂದು ಸಂತೆಯಲ್ಲಿ, ತುಕ್ಕು ಹಿಡಿದ ಸ್ಪ್ಯಾನರುಗಳ ರಾಶಿಯಲ್ಲಿ ದೊರೆತ ವೇಡ್ ಅಂಡ್ ಬುಚರ್ ಮುದ್ರೆಯ ಅಗಲವಾದ ಕತ್ತಿಯೇ ಸಂಗ್ರಹದ ಮೊದಲ ವಸ್ತು. ನಾಲ್ಕು ಪೌಂಡ್ ಕೊಟ್ಟು ಕೊಂಡ ಆ ಕತ್ತಿಯ ಹಿಡಿ ಎಮ್ಮೆಕೊಂಬಿನದು, ಅಲಗಿನ ಮೇಲೆ ಕೆಂದುಕ್ಕು ದಪ್ಪಗೆ ಕೂತಿತ್ತು, ಬಾಯಿ ಮಾತ್ರ ತುದಿಯಿಂದ ತುದಿಗೆ ಹಲ್ಲು ಬೀಳದೆ ಉಳಿದಿತ್ತು.

ಆ ಒಂದು ಕತ್ತಿಯ ಹಿಂದೆ ಎಷ್ಟು ಕೈಗಳಿದ್ದವೆಂಬುದು ತಿಳಿದದ್ದು ನಿಧಾನವಾಗಿ. ಶೆಫೀಲ್ಡಿನಲ್ಲಿ ಕ್ಷೌರಕತ್ತಿಯನ್ನು ಒಬ್ಬನೇ ಮಾಡುತ್ತಿರಲಿಲ್ಲ. ಉಕ್ಕಿನ ಸರಳನ್ನು ಕುಲುಮೆಯಲ್ಲಿ ಬಡಿದು ಅಲಗಿನ ರೂಪ ಕೊಡುವವನು ಒಬ್ಬ, ಅದಕ್ಕೆ ಹದ ಹಾಕುವವನು ಇನ್ನೊಬ್ಬ, ಸಾಣೆ ಹಿಡಿಯುವವನು ಮತ್ತೊಬ್ಬ, ಹಿಡಿ ಕೂಡಿಸುವವನು ಮಗದೊಬ್ಬ. ಇವರಲ್ಲಿ ಅನೇಕರು ಯಾವ ಕಾರ್ಖಾನೆಯ ನೌಕರರೂ ಆಗಿರದೆ, ದೊಡ್ಡ ಕಟ್ಟಡದಲ್ಲಿ ಒಂದು ಕೋಣೆಯನ್ನೋ ಒಂದು ಚಕ್ರದ ಜಾಗವನ್ನೋ ಬಾಡಿಗೆಗೆ ಹಿಡಿದು ಸ್ವಂತಕ್ಕೆ ದುಡಿಯುವವರು. ಇಂಥವರನ್ನು ಆ ಊರಿನ ಆಡುಮಾತಿನಲ್ಲಿ ಲಿಟಲ್ ಮೆಸ್ಟರ್, ಅಂದರೆ ಸಣ್ಣ ಯಜಮಾನ ಎನ್ನುತ್ತಿದ್ದರು. ಸಾಣೆಯವನು ಮರದ ಜೀನಿನಂಥ ಪೀಠದ ಮೇಲೆ ಕಾಲು ಚಾಚಿ ಕೂತು, ಎದುರಿಗೆ ತಿರುಗುವ ಮರಳುಗಲ್ಲಿನ ಚಕ್ರಕ್ಕೆ ಮುಖ ಬಾಗಿಸಿ ದಿನವಿಡೀ ಅಲಗು ಒತ್ತಿ ಹಿಡಿಯಬೇಕಾಗಿತ್ತು. ನೀರು ಹಾಕದೆ ಒಣಸಾಣೆ ಹಿಡಿಯುವಾಗ ಏಳುವ ಕಲ್ಲಿನ ಪುಡಿ ನೇರವಾಗಿ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಇಂದು ಸಿಲಿಕೋಸಿಸ್ ಎನಿಸಿಕೊಳ್ಳುವ ಆ ರೋಗಕ್ಕೆ ಅಂದು ಸಾಣೆಯವರ ಉಬ್ಬಸ ಎಂದೇ ಹೆಸರಿತ್ತು. ಕ್ಯಾಲ್ವರ್ಟ್ ಹಾಲೆಂಡ್ ಎಂಬ ವೈದ್ಯ ಧೂಳಿನಿಂದ ಬರುವ ಈ ಶ್ವಾಸಕೋಶದ ರೋಗಗಳನ್ನು ಕುರಿತೇ 1843ರಲ್ಲಿ ಗ್ರಂಥ ಬರೆದ. ಆ ಊರಿನ ಮಾಲಿಗೆ ಕೊನೆಯ ಹೊಳಪು ಕೊಡುತ್ತಿದ್ದವರು ಬಫರ್ ಹುಡುಗಿಯರು. ತಲೆಗೆ ಕೆಂಪು ಬಟ್ಟೆ ಸುತ್ತಿ, ಮೈಗೆ ಕಂದು ಕಾಗದ ಕಟ್ಟಿಕೊಂಡು, ಪಾಲಿಶ್ ಚಕ್ರದ ಮುಂದೆ ಎಣ್ಣೆಮಸಿಯಲ್ಲಿ ಕಪ್ಪಾಗುತ್ತಿದ್ದ ಅವರ ಛಾಯಾಚಿತ್ರಗಳನ್ನು ಕೆಲ್ಹಾಮ್ ದ್ವೀಪದ ವಸ್ತುಸಂಗ್ರಹಾಲಯದಲ್ಲಿ ನೋಡಿದ ಮೇಲೆ, ಹಳೆಯ ಕತ್ತಿಯ ಹೊಳಪನ್ನು ಬರಿಯ ಅಲಂಕಾರವೆಂದು ಭಾವಿಸುವುದು ಲೇಖಕನಿಗೆ ಸಾಧ್ಯವಾಗಲಿಲ್ಲ.

ಆದರೆ ಇದು ನಂತರದ ತಿಳಿವಳಿಕೆ. ಮೊದಲ ಕತ್ತಿಯ ಗತಿ ಬೇರೆಯಾಯಿತು. ತುಕ್ಕನ್ನು ಬೇಗ ತೆಗೆಯಬೇಕೆಂಬ ಅವಸರದಲ್ಲಿ ವಿದ್ಯುತ್ ಮೋಟಾರಿಗೆ ಬಟ್ಟೆಯ ಚಕ್ರ ಜೋಡಿಸಿ, ಪಾಲಿಶ್ ಮೇಣ ಹಚ್ಚಿ, ಅಲಗನ್ನು ಅದಕ್ಕೆ ಒತ್ತಿ ಹಿಡಿಯಲಾಯಿತು. ಹತ್ತು ನಿಮಿಷದಲ್ಲಿ ಅದು ಕನ್ನಡಿಯಂತಾಯಿತು. ಕತ್ತಿನ ಮೇಲಿದ್ದ ಮುದ್ರೆಯ ಅಕ್ಷರಗಳು ಅರ್ಧ ಅಳಿಸಿಹೋದವು. ಬಾಯಿಯ ತುದಿಯಲ್ಲಿ ಬೆರಳಗಲದಷ್ಟು ನೀಲಿ ಬಣ್ಣ ಮೂಡಿತು. ಆ ನೀಲಿಯ ಅರ್ಥ ತಿಳಿಯಬೇಕಾದರೆ ಹದ ಎಂದರೇನೆಂದು ತಿಳಿಯಬೇಕು. ಕುಲುಮೆಯಲ್ಲಿ ಕೆಂಪಗೆ ಕಾದ ಅಲಗನ್ನು ನೀರಿಗೋ ಎಣ್ಣೆಗೋ ಅದ್ದಿದಾಗ ಉಕ್ಕು ಬಹಳ ಗಡಸಾಗುತ್ತದೆ, ಜೊತೆಗೆ ಗಾಜಿನಂತೆ ಪೆಡಸೂ ಆಗುತ್ತದೆ. ಅದನ್ನು ಮತ್ತೆ 200 ಡಿಗ್ರಿ ಸೆಲ್ಸಿಯಸ್‌ಗಿಂತ ಸ್ವಲ್ಪ ಮೇಲಿನವರೆಗೆ ನಿಧಾನವಾಗಿ ಕಾಯಿಸಿ, ಗಡಸುತನವನ್ನು ಉಳಿಸಿಕೊಂಡು ಪೆಡಸುತನವನ್ನಷ್ಟೇ ಇಳಿಸುವ ಕ್ರಿಯೆ ಹದ. ಶುಭ್ರವಾದ ಉಕ್ಕಿನ ಮೈ ಈ ಕಾವಿನಲ್ಲಿ ಒಣಹುಲ್ಲಿನ ತಿಳಿಹಳದಿ ಬಣ್ಣಕ್ಕೆ ತಿರುಗುತ್ತದೆ. ಕಾವು 300 ಡಿಗ್ರಿಯ ಹತ್ತಿರ ಹೋದರೆ ನೀಲಿಯಾಗುತ್ತದೆ, ಅಷ್ಟರಲ್ಲಿ ಕ್ಷೌರಕ್ಕೆ ಬೇಕಾದ ಗಡಸುತನ ಹೊರಟುಹೋಗಿರುತ್ತದೆ. ಬಾಯಿಯ ಅಂಚು ಕಾಗದಕ್ಕಿಂತ ತೆಳುವಾಗಿರುವುದರಿಂದ ಅದು ಕಣ್ಣು ಮಿಟುಕಿಸುವುದರೊಳಗೆ ಕಾಯುತ್ತದೆ. ಹಿಟ್ಟಿಗೆ, ಪಾಕಕ್ಕೆ, ಉಳುವ ಮಣ್ಣಿಗೆ, ಉಕ್ಕಿಗೆ ಒಂದೇ ಪದವನ್ನು ಬಳಸುವ ಕನ್ನಡದಲ್ಲಿ ಹದ ತಪ್ಪಿತು ಎಂದರೆ ಸಾಕು, ಇನ್ನೇನನ್ನೂ ವಿವರಿಸಬೇಕಾಗಿಲ್ಲ. ಒಂದೂವರೆ ಶತಮಾನ ಹದದಲ್ಲಿದ್ದ ಅಲಗು ಹತ್ತು ನಿಮಿಷದಲ್ಲಿ ಹದ ತಪ್ಪಿತು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿಯುವುದೆಂದರೆ ಇದೇ ಎಂಬುದು ಅಂದು ಮನಸ್ಸಿಗೆ ಬಂದ ಮೊದಲ ಮಾತು, ಮತ್ತು ಆ ನೋವು ಇಂದಿಗೂ ಹಾಗೆಯೇ ಇದೆ.

ಹಾಳಾದ ಆ ಕತ್ತಿಯನ್ನು ನೋಡಿ ಬೈಯದೆ, ಕೆಲಸ ಕಲಿಸಲು ಒಪ್ಪಿದವರು ಲೇಖಕ ವಾಸವಿದ್ದ ಬೀದಿಯಲ್ಲೇ ಇದ್ದ, ಸಾಣೆಯ ಕಸಬಿನಿಂದ ನಿವೃತ್ತರಾಗಿದ್ದ ಒಬ್ಬ ವೃದ್ಧರು. ಅವರ ವಿಧಾನದಲ್ಲಿ ಯಂತ್ರಕ್ಕೆ ಸ್ಥಳವಿರಲಿಲ್ಲ. ತುಕ್ಕು ಹಿಡಿದ ಅಲಗನ್ನು ಮೊದಲು ಒಂದೆರಡು ದಿನ ತೆಳು ಎಣ್ಣೆಯಲ್ಲಿ ನೆನೆಸುವುದು, ಸಡಿಲವಾದ ಕೆಂದುಕ್ಕನ್ನು ಮರದ ಕಡ್ಡಿಯಿಂದ ಕೆರೆಯುವುದು, ಆಮೇಲೆ ಅತಿನಯವಾದ ನೀರುಕಾಗದಕ್ಕೆ ಎಣ್ಣೆ ಹಚ್ಚಿ ಬೆರಳಿನಿಂದಲೇ ಉಜ್ಜುವುದು, ಇದಿಷ್ಟಕ್ಕೆ ಒಂದು ವಾರದ ಸಂಜೆಗಳು ಹೋಗುತ್ತಿದ್ದವು. ತುಕ್ಕಿನಲ್ಲೂ ಎರಡು ಬಗೆಯಿದೆ ಎಂಬುದನ್ನು ಅವರಿಂದಲೇ ಲೇಖಕ ಅರಿತದ್ದು. ಕೆಂದುಕ್ಕು ಉಕ್ಕನ್ನು ತಿನ್ನುತ್ತಲೇ ಹೋಗುತ್ತದೆ. ಗಟ್ಟಿಯಾಗಿ ಅಂಟಿಕೊಂಡ ತೆಳುವಾದ ಕಪ್ಪು ಪದರ, ಎಂದರೆ ಮ್ಯಾಗ್ನೆಟೈಟ್ ಎಂಬ ಆಕ್ಸೈಡು, ಕೆಳಗಿನ ಲೋಹಕ್ಕೆ ಒಂದಷ್ಟು ರಕ್ಷಣೆಯನ್ನೇ ಕೊಡುತ್ತದೆ. ಕಪ್ಪು ಕಲೆಗಳನ್ನು ತೆಗೆಯಲು ಹೋದರೆ ಕಲೆಯ ಆಳದಷ್ಟು ಉಕ್ಕನ್ನು ಸುತ್ತಲೂ ತೆಗೆಯಬೇಕಾಗುತ್ತದೆ. ಬಾಯಿಯ ಅಂಚಿನಲ್ಲಿ ತುಕ್ಕು ಕೊರೆದ ಗುಳಿಗಳಿದ್ದರೆ ಮಾತ್ರ ಗುಳಿ ದಾಟುವವರೆಗೆ ಮಸೆಯುವುದು ಅನಿವಾರ್ಯ. ಮೈಮೇಲಿನ ಕಲೆ ಕ್ಷೌರಕ್ಕೆ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ಈ ಒಂದು ವಿವೇಚನೆಯನ್ನು ಪಾಲಿಸಿದ್ದರೆ ಇಂದು ಮಾರುಕಟ್ಟೆಯಲ್ಲಿ ಕನ್ನಡಿಯಂತೆ ಹೊಳೆಯುವ, ಆದರೆ ಮುದ್ರೆಯಿಲ್ಲದ, ಗೆರೆಗಳು ಮೊಂಡಾದ ನೂರಾರು ಕತ್ತಿಗಳು ತಮ್ಮ ಮೂಲರೂಪದಲ್ಲಿ ಉಳಿಯುತ್ತಿದ್ದವು.

ಮಸೆಯುವುದಕ್ಕೆ ಅವರು ಕೊಟ್ಟದ್ದು ಬೆಲ್ಜಿಯಂನ ಆರ್ಡೆನ್ ಬೆಟ್ಟಗಳ ವಿಯೆಲ್ಸಾಮ್ ಸೀಮೆಯಲ್ಲಿ ದೊರೆಯುವ ಕೊಟಿಕ್ಯೂಲ್ ಎಂಬ ನಸುಹಳದಿ ಕಲ್ಲು. ಇದರೊಳಗೆ ಗಾರ್ನೆಟ್ ಖನಿಜದ, ಅಂದರೆ ಕೆಂಪುಮಣಿಯ ಜಾತಿಯ ಅತಿಸೂಕ್ಷ್ಮ ಹರಳುಗಳು ತುಂಬಿರುತ್ತವೆ. ನೀರು ಹಾಕಿ ಸಣ್ಣ ಕಲ್ಲಿನಿಂದ ಉಜ್ಜಿದರೆ ಹಾಲಿನಂಥ ಗಸಿ ಏಳುತ್ತದೆ. ಆ ಗಸಿಯ ಮೇಲೆ ಅಲಗನ್ನು ಬಾಯಿ ಮುಂದಾಗಿ, ಕಲ್ಲಿನ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ತಳ್ಳಿ, ತುದಿಯಲ್ಲಿ ಬೆನ್ನಿನ ಮೇಲೆ ಮಗುಚಿ, ಅದೇ ರೀತಿ ಹಿಂದಕ್ಕೆ ತರಬೇಕು. ಗಸಿಗೆ ನೀರು ಕೂಡಿಸುತ್ತ ತೆಳುವಾಗಿಸಿದಂತೆ ಕಲ್ಲು ನಯವಾಗುತ್ತ ಹೋಗುತ್ತದೆ. ಕೊನೆಗೆ ಪಟ್ಟೆ, ಅಂದರೆ ಗೋಡೆಗೆ ಸಿಕ್ಕಿಸಿದ ಚರ್ಮದ ಉದ್ದನೆಯ ಪಟ್ಟಿ. ಅದರ ಮೇಲೆ ಬೆನ್ನು ಮುಂದಾಗಿ ಎಳೆದಾಗ ಬಾಯಿಯ ಅತಿತೆಳು ಅಂಚು ನೇರವಾಗುತ್ತದೆ. ಕೈಯ ಭಾರ ಇದರಲ್ಲೆಲ್ಲೂ ಇರಬಾರದು, ಕತ್ತಿಯ ತೂಕವೇ ಸಾಕು. ಭಾರ ಹಾಕದೆ ಕೆಲಸ ಮಾಡುವುದನ್ನು ಕೈಗೆ ಕಲಿಸಲು ಲೇಖಕನಿಗೆ ಸುಮಾರು ಎರಡು ವರ್ಷ ಹಿಡಿಯಿತು. ಆ ವೃದ್ಧರು ಮಾತ್ರ ಕಣ್ಣು ಮುಚ್ಚಿ, ಕಲ್ಲಿನ ಸದ್ದು ಕೇಳಿಯೇ ಎಲ್ಲಿ ಬಾಯಿ ತಗಲಿದೆ, ಎಲ್ಲಿ ತಗಲಿಲ್ಲ ಎಂದು ಹೇಳಬಲ್ಲವರಾಗಿದ್ದರು.

ಕತ್ತಿಯ ವಯಸ್ಸನ್ನು ಅರಿಯುವುದು ಸಂಗ್ರಾಹಕನ ಇನ್ನೊಂದು ವಿದ್ಯೆ, ಮತ್ತು ಅದು ಬಹುಮಟ್ಟಿಗೆ ಕತ್ತಿನ ಮೇಲಿನ ಅಕ್ಷರಗಳನ್ನು ಓದುವ ವಿದ್ಯೆ. ಹದಿನೆಂಟನೆಯ ಶತಮಾನದ ಕತ್ತಿಗಳಿಗೆ ಸಾಮಾನ್ಯವಾಗಿ ಬಾಲವಿಲ್ಲ. ಅದು ಬೆಳೆದದ್ದು ಹತ್ತೊಂಬತ್ತನೆಯದರ ಆರಂಭದಲ್ಲಿ. ರಾಜಮುದ್ರೆಯ ಕೆಳಗೆ ವಿಲಿಯಂನನ್ನು ಸೂಚಿಸುವ ಡಬ್ಲ್ಯು ಆರ್ ಅಕ್ಷರಗಳಿದ್ದರೆ 1830ರಿಂದ 1837ರೊಳಗಿನದೆಂದೂ, ವಿಕ್ಟೋರಿಯಾಳನ್ನು ಸೂಚಿಸುವ ವಿ ಆರ್ ಇದ್ದರೆ ಅದರ ನಂತರದ್ದೆಂದೂ ಊಹಿಸಬಹುದು. ಇಂಗ್ಲೆಂಡ್ ಎಂದು ದೇಶದ ಹೆಸರೇ ಒತ್ತಿದ್ದರೆ ಅದು ಬಹುಶಃ 1891ರ ಈಚಿನದು. ಹಿಂದಿನ ವರ್ಷ ಅಮೆರಿಕ ತಂದ ಸುಂಕದ ಕಾಯ್ದೆ ಆಮದಾಗುವ ಮಾಲಿನ ಮೇಲೆ ಮೂಲದೇಶದ ಹೆಸರನ್ನು ಕಡ್ಡಾಯಗೊಳಿಸಿತ್ತು, ಶೆಫೀಲ್ಡಿನ ಕತ್ತಿಗಳಿಗೆ ಅಮೆರಿಕವೇ ದೊಡ್ಡ ಮಾರುಕಟ್ಟೆಯಾಗಿತ್ತು. ಪಾಲಿಶ್ ಚಕ್ರ ಮೊದಲು ತಿನ್ನುವುದು ಈ ಅಕ್ಷರಗಳನ್ನೇ.

ಹಳೆಯ ಅಲಗುಗಳ ಮೇಲೆ ಬೆಳ್ಳಿ ಉಕ್ಕು ಎಂಬರ್ಥದ ಸಿಲ್ವರ್ ಸ್ಟೀಲ್ ಮುದ್ರೆ ಮತ್ತೆ ಮತ್ತೆ ಕಾಣುತ್ತದೆ. ಅದರ ಮೂಲವನ್ನು ಹುಡುಕುತ್ತ ಹೋದಾಗ ಲೇಖಕನಿಗೆ ಎದುರಾದದ್ದು ತನ್ನದೇ ಭಾಷೆಯ ಒಂದು ಪದ. ಕಮ್ಮಾರನ ಮಗನಾಗಿ ಹುಟ್ಟಿ ಮುಂದೆ ಮಹಾವಿಜ್ಞಾನಿಯಾದ ಮೈಕೇಲ್ ಫ್ಯಾರಡೆ, ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯ ಉಪಕರಣಗಳನ್ನೂ ಕ್ಷೌರಕತ್ತಿಗಳನ್ನೂ ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟ್‌ನೊಡನೆ ಕೂಡಿ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ನೋಡಿದ. ಆ ಪ್ರಯೋಗಗಳ ವರದಿಗಳು 1820 ಮತ್ತು 1822ರಲ್ಲಿ ಪ್ರಕಟವಾದವು. ಐನೂರರಲ್ಲಿ ಒಂದು ಪಾಲಿನಷ್ಟು ಬೆಳ್ಳಿ ಬೆರೆತ ಉಕ್ಕು ಅವುಗಳಲ್ಲೊಂದು, ಮತ್ತು ತಾನು ಮಾಡಿದ ಮಿಶ್ರಲೋಹದ ಕ್ಷೌರಕತ್ತಿಗಳನ್ನು ಫ್ಯಾರಡೆ ಸ್ನೇಹಿತರಿಗೆ ಉಡುಗೊರೆಯಾಗಿ ಕೊಟ್ಟದ್ದುಂಟು. ಶೆಫೀಲ್ಡಿನವರು ಆ ಹೆಸರನ್ನು ಬೇಗನೆ ಎತ್ತಿಕೊಂಡರಾದರೂ, ಮುದ್ರೆ ಇದ್ದ ಮಾತ್ರಕ್ಕೆ ಅಲಗಿನಲ್ಲಿ ಬೆಳ್ಳಿ ಇದೆಯೆಂದು ನಂಬಬೇಕಾಗಿಲ್ಲ. ಮುಖ್ಯವಾದ ಸಂಗತಿಯೆಂದರೆ ಈ ಪ್ರಯೋಗಗಳಿಗೆ ಪ್ರೇರಣೆಯಾದದ್ದು ಭಾರತದ ಮೂಸೆ ಉಕ್ಕು, ಇಂಗ್ಲಿಷಿನಲ್ಲಿ ವೂಟ್ಜ್ ಎನಿಸಿಕೊಂಡ ಉಕ್ಕು. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಅದರ ಗಟ್ಟಿಗಳನ್ನು 1790ರ ದಶಕದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದ. ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ 1795ರಲ್ಲಿ ಪ್ರಬಂಧ ಓದಿದ. ಸ್ಟೊಡಾರ್ಟ್ ಅದನ್ನು ಬಡಿದು ಉಪಕರಣಗಳನ್ನು ಮಾಡಿ, ಯುರೋಪಿನ ಅತ್ಯುತ್ತಮ ಉಕ್ಕಿಗಿಂತಲೂ ಇದೇ ಮೇಲೆಂದು ತನ್ನ ಅಂಗಡಿಯ ಜಾಹೀರಾತಿನಲ್ಲೇ ಸಾರಿದ. ವೂಟ್ಜ್ ಎಂಬುದು ಕನ್ನಡ ಮತ್ತು ತೆಲುಗುಗಳ ಉಕ್ಕು ಎಂಬ ಪದದ ಅಪಭ್ರಂಶವೆಂಬುದೇ ಬಹುಜನ ವಿದ್ವಾಂಸರ ಅಭಿಪ್ರಾಯ.

ಶೆಫೀಲ್ಡಿನ ಗ್ರಂಥಾಲಯವೊಂದರಲ್ಲಿ ಇದನ್ನು ಓದಿದ ಸಂಜೆ ಲೇಖಕ ಅಲ್ಲಿಯೇ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸಗ್ರಂಥವನ್ನು ತೆರೆಸಿದ. ಟಿಪ್ಪುವಿನ ಪತನದ ನಂತರ, 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್‌ನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ, ದೇವರಾಯನದುರ್ಗಗಳ ಸುತ್ತ ಕಬ್ಬಿಣ ಕರಗಿಸುತ್ತಿದ್ದ ಬಗೆ ಅದರಲ್ಲಿದೆ; ಮಳೆಗಾಲದ ಹಳ್ಳಗಳು ಬೆಟ್ಟದಿಂದ ತಂದು ಹಾಕುವ ಕಪ್ಪು ಮರಳೇ ಅಲ್ಲಿ ಅದಿರು. ಹಾಗೆ ತೆಗೆದ ಕಬ್ಬಿಣದ ತುಂಡನ್ನು ತಂಗಡಿ, ಅಂದರೆ ಆವರಿಕೆ ಗಿಡದ ಒಣಕಡ್ಡಿ ಮತ್ತು ಬೇರೊಂದು ಸಸ್ಯದ ಹಸಿರೆಲೆಗಳ ಸಮೇತ ಮಣ್ಣಿನ ಪುಟ್ಟ ಮೂಸೆಯಲ್ಲಿಟ್ಟು, ಬಾಯಿ ಮೆತ್ತಿ, ತಿದಿಯ ಗಾಳಿಯಲ್ಲಿ ಕಾಯಿಸಿದಾಗ ಕಡ್ಡಿ ಎಲೆಗಳ ಇಂಗಾಲವನ್ನು ಹೀರಿ ಕಬ್ಬಿಣ ಉಕ್ಕಾಗುತ್ತಿತ್ತು. ಚನ್ನಪಟ್ಟಣದಲ್ಲಿ ವಾದ್ಯಗಳಿಗಾಗಿ ಎಳೆಯುತ್ತಿದ್ದ ಉಕ್ಕಿನ ತಂತಿಗೆ ದೂರದ ಊರುಗಳಲ್ಲೂ ಹೆಸರಿತ್ತು. ಲೇಖಕನ ಹುಟ್ಟೂರು ಇರುವುದು ಈ ಮಧುಗಿರಿ ಸೀಮೆಯಲ್ಲೇ. ಅಲ್ಲಿನ ಹೊಲಗಳಲ್ಲಿ ನೇಗಿಲ ಬಾಯಿಗೆ ಸಿಗುತ್ತಿದ್ದ, ಜೇನುಗೂಡಿನಂತೆ ತೂತುಬಿದ್ದ ಕಪ್ಪು ಉಂಡೆಗಳನ್ನು ಹುಡುಗರು ಕವಣೆಗೆ ಬಳಸುತ್ತಿದ್ದರು. ಅವು ಕಬ್ಬಿಣದ ಕಿಟ್ಟ, ಎಂದರೆ ಅದಿರು ಕರಗಿಸಿ ಉಳಿದ ಕಸ ಎಂಬ ಅರಿವು ಮೂಡಲು ಅಷ್ಟು ದೂರದ ಊರಿನ ಗ್ರಂಥಾಲಯ ಬೇಕಾಯಿತು. ಲಂಡನ್ನಿಗೆ ಹೋದ ಗಟ್ಟಿಗಳು ಮಧುಗಿರಿಯವೇ ಎಂದು ಹೇಳುವುದು ಸಲ್ಲದು, ಹಾಗೆ ಹೇಳುವ ಅಗತ್ಯವೂ ಇಲ್ಲ. ಶೆಫೀಲ್ಡಿನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ಕಸಬುದಾರ 1740ರ ದಶಕದಲ್ಲಿ ಬೇರೆಯದೇ ದಾರಿಯಲ್ಲಿ ಮೂಸೆ ಉಕ್ಕನ್ನು ಕಂಡುಕೊಂಡ. ಅಬಿಡೇಲ್ ಎಂಬಲ್ಲಿ ಇಂದಿಗೂ ಕಾಪಾಡಿಟ್ಟಿರುವ ಮೂಸೆ ಕುಲುಮೆಯನ್ನು, ಜೇಡಿಯನ್ನು ಬರಿಗಾಲಲ್ಲಿ ತುಳಿದು ಮಾಡಿದ ಮೂಸೆಗಳನ್ನು ನೋಡಿದರೆ ಎರಡು ನೆಲಗಳ ಕೈಕೆಲಸದ ಹೋಲಿಕೆ ಕಣ್ಣಿಗೆ ಕಟ್ಟುತ್ತದೆ. ಆ ಸಂಜೆಯ ನಂತರ ಯಾವ ಅಲಗಿನಿಂದ ಒಂದು ಪದರ ಉಕ್ಕನ್ನು ತೆಗೆಯುವಾಗಲೂ ಲೇಖಕನ ಕೈ ಮೊದಲಿಗಿಂತ ಹೆಚ್ಚು ಹಿಂಜರಿಯತೊಡಗಿತು.

ಹಿಡಿಯ ವಿಷಯ ಅಲಗಿನಷ್ಟೇ ಸೂಕ್ಷ್ಮ. ಕೊಂಬಿನ ಹಿಡಿಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಹಲಗೆಗಳ ನಡುವೆ ಒತ್ತಿಟ್ಟರೆ ಸೊಟ್ಟವಾದದ್ದು ನೆಟ್ಟಗಾಗುತ್ತದೆ. ಒಣಗಿ ಪದರ ಬಿಟ್ಟಿದ್ದರೆ ಎಣ್ಣೆಯಲ್ಲಿ ದಿನಗಟ್ಟಲೆ ನೆನೆಸಬೇಕು. ಹಿಡಿ ಬಿಚ್ಚಲು ಮೊಳೆಯ ತಲೆಯನ್ನು ಅರದಿಂದ ತೇಯ್ದು ಹೊರದೂಡುವುದು, ಮತ್ತೆ ಕೂಡಿಸುವಾಗ ಒಂದೂವರೆ ಮಿಲಿಮೀಟರಿನಷ್ಟು ದಪ್ಪದ ಹಿತ್ತಾಳೆ ಕಡ್ಡಿಯ ಎರಡೂ ತುದಿಗಳನ್ನು ಪುಟ್ಟ ಸುತ್ತಿಗೆಯಿಂದ ನೂರಾರು ಲಘು ಪೆಟ್ಟುಗಳಲ್ಲಿ ಅರಳಿಸುವುದು ರೂಢಿಯ ಕ್ರಮ. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿನ ಹಿಡಿಗಳು ಮಾತ್ರ ಬೇರೆಯೇ ಅಪಾಯ. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿ ಕರ್ಪೂರ ಬೆರೆಸಿ ಮಾಡುವ ಈ ವಸ್ತು ಹಳತಾದಂತೆ ತನ್ನಷ್ಟಕ್ಕೆ ಕೊಳೆಯುತ್ತ ಆಮ್ಲದ ಆವಿಯನ್ನು ಹೊರಸೂಸುತ್ತದೆ, ಆ ಆವಿ ಹತ್ತಿರದ ಉಕ್ಕನ್ನೆಲ್ಲ ತಿನ್ನುತ್ತದೆ. ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದ ಒಂದೇ ಒಂದು ಸೆಲ್ಯುಲಾಯ್ಡ್ ಹಿಡಿಯ ಕತ್ತಿ, ಒಂದು ಚಳಿಗಾಲದಲ್ಲಿ ತನ್ನ ಅಕ್ಕಪಕ್ಕದ ನಾಲ್ಕು ಅಲಗುಗಳ ಬಾಯಿಯನ್ನು ಜರಡಿ ಮಾಡಿತು. ಅವುಗಳಲ್ಲಿ ಎರಡು ಒಂದು ಏಳರ ಜೋಡಿಗೆ ಸೇರಿದ್ದವು. ಬೆನ್ನಿನ ಮೇಲೆ ವಾರದ ದಿನಗಳ ಹೆಸರು ಕೆತ್ತಿದ ಏಳು ಕತ್ತಿಗಳ ಪೆಟ್ಟಿಗೆಗೆ ಈ ಹೆಸರು. ದಿನಕ್ಕೊಂದರಂತೆ ಬಳಸಿದರೆ ಉಕ್ಕಿಗೆ ವಿಶ್ರಾಂತಿ ಸಿಗುತ್ತದೆಂಬ ನಂಬಿಕೆಯಿಂದ ಅವು ಹುಟ್ಟಿದವು. ಲೇಖಕನ ಬಳಿಯಿದ್ದ ಪೆಟ್ಟಿಗೆಯಲ್ಲಿ ಏಳರ ಬೆನ್ನೂ ಒಂದೇ ಸಮನಾಗಿ ಸವೆದಿದ್ದವು, ಅಂದರೆ ಅದರ ಒಡೆಯ ದಶಕಗಳ ಕಾಲ ವಾರವನ್ನು ತಪ್ಪದೆ ನಡೆಸಿಕೊಂಡು ಬಂದಿದ್ದ. ಆ ಸಮನಾದ ಸವೆತ ಲೇಖಕನ ಅಜಾಗ್ರತೆಯಿಂದ ಬುಧವಾರಕ್ಕೂ ಶನಿವಾರಕ್ಕೂ ಕೆಟ್ಟಿತು.

ದಂತದ ಹಿಡಿಯ ಕತ್ತಿಯೂ ಒಂದಿತ್ತು, ಬಹಳ ಸುಂದರವಾದದ್ದು. 2005ರಲ್ಲಿ ಊರಿಗೆ ಮರಳುವಾಗ ಅದನ್ನು ಅಲ್ಲಿಯೇ ಬಿಟ್ಟುಬರಲಾಯಿತು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅಂತರರಾಷ್ಟ್ರೀಯ ಒಪ್ಪಂದಗಳು ದಂತದ ಸಾಗಾಟವನ್ನು ನಿಷೇಧಿಸಿರುವುದು ಸರಿಯೇ ಆಗಿದೆ, ಒಂದು ಹಿಡಿಯ ಚೆಲುವು ಒಂದು ಆನೆಗೆ ಸಮವಲ್ಲ.

ಜರ್ಮನಿಯ ಜೋಲಿಂಗೆನ್ ನಗರದ ಕತ್ತಿಗಳು ಸಂಗ್ರಹಕ್ಕೆ ನಂತರ ಬಂದವು. ಶೆಫೀಲ್ಡಿನ ಹಳೆಯ ಅಲಗು ಬೆಣೆಯಂತೆ ಬೆನ್ನಿನಿಂದ ಬಾಯಿಗೆ ನೇರವಾಗಿ ಇಳಿದರೆ, ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೋಲಿಂಗೆನ್‌ನವರು ಎರಡೂ ಬದಿಗಳನ್ನು ಸಣ್ಣ ಚಕ್ರಗಳಿಂದ ಕೊರೆದು, ಬೆರಳಿನ ಉಗುರಿನಿಂದ ಮೀಟಿದರೆ ನಾದ ಹೊಮ್ಮುವಷ್ಟು ತೆಳುವಾದ ಅಲಗುಗಳನ್ನು ಮಾಡತೊಡಗಿದರು. ಅಷ್ಟರಲ್ಲಿ ಅಮೆರಿಕದಲ್ಲಿ ಕಿಂಗ್ ಕ್ಯಾಂಪ್ ಜಿಲೆಟ್ ಬಳಸಿ ಎಸೆಯುವ ಬ್ಲೇಡಿನ ರೇಜರಿಗೆ 1904ರಲ್ಲಿ ಪೇಟೆಂಟ್ ಪಡೆದಾಗಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಅದನ್ನು ಸೈನಿಕರಿಗೆಲ್ಲ ಹಂಚಿದ ಮೇಲೆ ಮನೆಗಳಲ್ಲಿ ಮಡಚುವ ಕತ್ತಿಯ ಕಾಲ ಮುಗಿಯುತ್ತ ಬಂತು.

ಕರ್ನಾಟಕದ ಹಳ್ಳಿಗಳಲ್ಲಿ ಅದು ಮುಗಿದದ್ದು ಬಹಳ ತಡವಾಗಿ. ಕ್ಷೌರಿಕನ ಉಪಕರಣಗಳ ಚೀಲಕ್ಕೆ ಕನ್ನಡದಲ್ಲಿ ಹಡಪ ಎಂಬ ಹಳೆಯ ಹೆಸರಿದೆ. ಆ ಹಡಪದೊಳಗೆ ಮಡಚುವ ಕತ್ತಿ, ಮಸೆಗಲ್ಲು, ಕತ್ತರಿ, ನೀರಿನ ಬಟ್ಟಲು ಇರುತ್ತಿದ್ದವು, ಪಟ್ಟೆಯ ಬದಲು ಅಂಗೈಯೇ ಅನೇಕ ಸಲ ಸಾಕಾಗುತ್ತಿತ್ತು. ಏಡ್ಸ್ ರೋಗದ ಭೀತಿ ಹರಡಿದ ಮೇಲೆ ಪ್ರತಿ ಗಿರಾಕಿಗೆ ಹೊಸ ಅರ್ಧ ಬ್ಲೇಡು ಸಿಕ್ಕಿಸುವ ಹಿಡಿ ಬಂದು, ಕತ್ತಿಗಳು ಅಟ್ಟ ಸೇರಿದವು. ಆರೋಗ್ಯದ ದೃಷ್ಟಿಯಿಂದ ಆ ಬದಲಾವಣೆ ಆಗಬೇಕಾದದ್ದೇ. ಲೇಖಕ ಊರಿಗೆ ಮರಳಿದ ಕೆಲವು ವರ್ಷಗಳ ನಂತರ, ಬಾಲ್ಯದಲ್ಲಿ ತನ್ನ ತಲೆಗೂದಲು ಕತ್ತರಿಸುತ್ತಿದ್ದ ಕ್ಷೌರಿಕರ ಮಗ ತಂದೆಯ ಕತ್ತಿಯನ್ನು ತಂದು, "ಆಯುಧಪೂಜೆಗೆ ಅಪ್ಪನ್ ಫೋಟೋ ಮುಂದೆ ಇಡ್ಬೇಕು ಸ್ವಾಮಿ, ಹೊಸ್ದರಂಗೆ ಮಾಡ್ಕೊಡಿ" ಎಂದು ಕೇಳಿದರು. ಅದು ಜೋಲಿಂಗೆನ್ ಕತ್ತಿ. ಹುಟ್ಟಿದಾಗ 5/8 ಇದ್ದಿರಬಹುದಾದ ಅಲಗು 3/8ರ ಹತ್ತಿರಕ್ಕೆ ಇಳಿದಿತ್ತು, ಬೆನ್ನಿನ ಎರಡು ಬದಿಯೂ ಚಪ್ಪಟೆಯಾಗಿ ಸವೆದಿತ್ತು, ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು. ಮುರಿದುಹೋದ ಹಿಡಿಯ ಒಂದು ಪಟ್ಟಿಯ ಜಾಗದಲ್ಲಿ ಬಿದಿರಿನ ಸೀಳನ್ನು ಕೂಡಿಸಲಾಗಿತ್ತು. ಹೊಸದರಂತೆ ಮಾಡಬೇಕಾದರೆ ಬೆನ್ನನ್ನು ಸಮಗೊಳಿಸಿ, ಬಿದಿರನ್ನು ಕಿತ್ತು ಕೊಂಬನ್ನು ಹಾಕಬೇಕಾಗಿತ್ತು. ಲೇಖಕ ಅದಾವುದನ್ನೂ ಮಾಡದೆ, ಕೆಂದುಕ್ಕನ್ನಷ್ಟೇ ತೆಗೆದು, ಸಡಿಲವಾಗಿದ್ದ ಮೊಳೆಯನ್ನು ಬಿಗಿಮಾಡಿ, ಎಣ್ಣೆ ಸವರಿ ಹಿಂದಿರುಗಿಸಿದ. ಹೊಳಪಿಲ್ಲದ್ದನ್ನು ಕಂಡು ಮಗನ ಮುಖ ಮೊದಲು ಪೆಚ್ಚಾಯಿತು. ಬೆನ್ನಿನ ಸವೆತವನ್ನು ತೋರಿಸಿ, ಒಂದು ಬದಿಗೆ ಮಾತ್ರ ಕೈಭಾರ ಹೆಚ್ಚಾಗಿ ಬಿದ್ದಿರುವುದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಅದರ ಮೇಲೆ ಹೆಬ್ಬೆರಳು ಆಡಿಸಿ, ತಂದೆ ಜಗಲಿಯ ಕಂಬಕ್ಕೆ ಒರಗಿ, ಎಡಮಗ್ಗುಲಿಗೆ ವಾಲಿ ಕೂತು ಮಸೆಯುತ್ತಿದ್ದರೆಂದು ಹೇಳಿದರು. ಆ ಕತ್ತಿ ಈಗಲೂ ಬಿದಿರಿನ ಹಿಡಿಯೊಂದಿಗೆ ಅವರ ಮನೆಯಲ್ಲಿದೆ.

ಅಂಥ ಕತ್ತಿಗಳು ನಾಡಿನ ಎಷ್ಟೋ ಮನೆಗಳ ಅಟ್ಟಗಳಲ್ಲಿ ಇನ್ನೂ ಉಳಿದಿವೆ. ಅವುಗಳನ್ನು ಗುಜರಿಗೆ ಹಾಕಬಾರದು, ಸಾಣೆ ಹಿಡಿಯುವವರಿಗೂ ಪಾಲಿಶ್ ಅಂಗಡಿಗೂ ಕೊಡಬಾರದು. ಒಣಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಸವರಿ, ಚರ್ಮದ ಚೀಲದಲ್ಲೋ ಪ್ಲಾಸ್ಟಿಕ್ಕಿನಲ್ಲೋ ಮುಚ್ಚದೆ ಹತ್ತಿಬಟ್ಟೆಯಲ್ಲಿ ಸುತ್ತಿ ಇಟ್ಟರೆ ಸಾಕು. ಯಾರ ಕತ್ತಿ, ಯಾವ ಊರಿನದು, ಎಲ್ಲಿಯವರೆಗೆ ಬಳಕೆಯಲ್ಲಿತ್ತು ಎಂಬ ಮೂರು ಸಾಲುಗಳನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೆ ಇಡಬೇಕೆಂಬುದು ಓದುಗರಲ್ಲಿ ಈ ಲೇಖಕನ ವಿನಂತಿ.